ನಲವತ್ತಮೂರನೇ ಲಕೋಟೆ

ಆ ಮಂಗಳವಾರ ಬೆಳಿಗ್ಗೆ ನಮ್ಮ ಕೋಣೆಯ ಹೊರಗಿನ ಬೆಂಚಿನಲ್ಲಿ ಇಬ್ಬರು ಬಸುರಿಯರು ಕೂತಿದ್ದರು. ಇಬ್ಬರ ರಕ್ತದಲ್ಲೂ ಕಬ್ಬಿಣದ ಅಂಶ ಕಡಿಮೆ. ಇಬ್ಬರೂ ನಮ್ಮ ಅಧ್ಯಯನಕ್ಕೆ ಸೇರಲು ಒಪ್ಪಿ ಸಹಿ ಹಾಕಿದ್ದರು. ಯಾರಿಗೆ ಕಬ್ಬಿಣದ ಮಾತ್ರೆ, ಯಾರಿಗೆ ಕಬ್ಬಿಣದ ಡ್ರಿಪ್ ಎಂಬುದು ನನ್ನ ಮೇಜಿನ ಖಾನೆಯಲ್ಲಿದ್ದ ಎರಡು ಲಕೋಟೆಗಳೊಳಗೆ ಮೊದಲೇ ತೀರ್ಮಾನವಾಗಿತ್ತು. ಅದನ್ನು ಬದಲಿಸುವ ಅಧಿಕಾರ ಯಾರಿಗೂ ಇರಲಿಲ್ಲ. ನಾನು ಬದಲಿಸಿದೆ.

ಹೆದ್ದಾರಿ ಅಗಲ ಮಾಡುವ ಕೆಲಸ ನಡೆಯುತ್ತಿದ್ದ ಕಾಲ. ನಾನು ಬ್ರಹ್ಮಾವರದಿಂದ ದಿನಾ ಬಸ್ಸಿನಲ್ಲಿ ಕುಂದಾಪುರಕ್ಕೆ ಹೋಗಿ ಬರುತ್ತಿದ್ದೆ. ಹೆರಿಗೆ ಆಸ್ಪತ್ರೆಯೊಂದರ ಹಿಂಬದಿಯ ಎರಡು ಕೋಣೆಗಳನ್ನು ಅಧ್ಯಯನಕ್ಕೆ ಬಿಟ್ಟುಕೊಟ್ಟಿದ್ದರು. ಒಂದರಲ್ಲಿ ನನ್ನ ಮೇಜು, ರಕ್ತದ ಮಾದರಿ ಇಡುವ ಸಣ್ಣ ಫ್ರಿಜ್ಜು, ಕಡತಗಳ ಬೀರು. ಇನ್ನೊಂದರಲ್ಲಿ ಎರಡು ಮಂಚ, ಡ್ರಿಪ್ ತೂಗುಹಾಕುವ ಕಂಬ, ಆಮ್ಲಜನಕದ ಸಿಲಿಂಡರು. ಶಿರೂರಿನಿಂದ ಬ್ರಹ್ಮಾವರದವರೆಗಿನ ಊರುಗಳಿಂದ ಆಶಾ ಕಾರ್ಯಕರ್ತೆಯರು ಬಸುರಿಯರನ್ನು ಕರೆತರುತ್ತಿದ್ದರು. ನಾನು ಅಧ್ಯಯನದ ನರ್ಸು. ನನ್ನ ಮೇಲೆ ಒಬ್ಬರೇ, ಹೆರಿಗೆ ತಜ್ಞೆಯಾಗಿದ್ದ ನಮ್ಮ ಡಾಕ್ಟರು.

ಕೆಲಸದ ಕ್ರಮ ಹೀಗಿತ್ತು. ಮೊದಲು ಬೆರಳ ತುದಿ ಚುಚ್ಚಿ ಒಂದು ಹನಿ ರಕ್ತದಲ್ಲಿ ಹಿಮೋಗ್ಲೋಬಿನ್ ನೋಡುವುದು. ಏಳರಿಂದ ಹತ್ತರೊಳಗೆ ಇದ್ದರೆ ಅಧ್ಯಯನದ ವಿಷಯ ವಿವರಿಸುವುದು. ಒಪ್ಪಿದರೆ ಸಹಿ ಅಥವಾ ಹೆಬ್ಬೆಟ್ಟು, ಅದರ ಪಕ್ಕ ತಾರೀಖು ಮತ್ತು ಸಮಯ. ಆಮೇಲೆ ತೋಳಿನಿಂದ ಎರಡು ಟ್ಯೂಬು ರಕ್ತ. ಅದಾದ ಮೇಲೆ ಲಕೋಟೆ. ಸಹಿ ಹಾಕಿದ ಸರದಿಯಲ್ಲೇ ಲಕೋಟೆಯ ಸರದಿ. ಲಕೋಟೆಯ ಮೇಲೆ ಬಸುರಿಯ ಗುರುತಿನ ಸಂಖ್ಯೆ ಬರೆದು, ನನ್ನ ಸಹಿ ಹಾಕಿ, ಅನಂತರವೇ ಒಡೆಯಬೇಕು. ಮಾತ್ರೆ ಬಂದವರಿಗೆ ದಿನಕ್ಕೆರಡು ಮಾತ್ರೆಯ ಲೆಕ್ಕದಲ್ಲಿ ಪಟ್ಟಿಗಳನ್ನು ಕೊಟ್ಟು ಕಳುಹಿಸುವುದು, ಮುಂದಿನ ಭೇಟಿಗೆ ಖಾಲಿ ಪಟ್ಟಿ ತರಿಸಿ ಎಣಿಸುವುದು. ಡ್ರಿಪ್ ಬಂದವರನ್ನು ದಿನ ಬಿಟ್ಟು ದಿನ ಕರೆಸಿ, ಔಷಧವನ್ನು ಸಣ್ಣ ಸಲೈನ್ ಬಾಟಲಿಗೆ ಬೆರೆಸಿ, ಅರ್ಧ ಗಂಟೆ ಹನಿಸುವುದು. ಐದೈದು ನಿಮಿಷಕ್ಕೆ ನಾಡಿ, ರಕ್ತದೊತ್ತಡ. ಮುಗಿದ ಮೇಲೆ ಇನ್ನರ್ಧ ಗಂಟೆ ಮಲಗಿಸಿ ನೋಡುವುದು.

ಕೆಲಸ ಶುರುವಾಗುವ ಮೊದಲು ಡಾಕ್ಟರು ನನ್ನನ್ನು ಕೂರಿಸಿಕೊಂಡು ಹೇಳಿದ್ದರು. "ಆರಿಸುವುದನ್ನು ನಮ್ಮ ಕೈಗೆ ಬಿಟ್ಟರೆ ನಾವು ಯಾರಿಗೆ ಡ್ರಿಪ್ ಕೊಡ್ತೇವೆ ಹೇಳು? ಮುಖ ನೋಡಿ ಪಾಪ ಅನ್ನಿಸಿದವರಿಗೆ. ಕೊನೆಗೆ ಲೆಕ್ಕ ಹಾಕುವಾಗ ಡ್ರಿಪ್ ಒಳ್ಳೆಯದಾ ಮಾತ್ರೆ ಒಳ್ಳೆಯದಾ ಗೊತ್ತಾಗುವುದಿಲ್ಲ. ನಮ್ಮ ಪಾಪವೇ ಲೆಕ್ಕದಲ್ಲಿ ಸೇರಿಕೊಂಡಿರ್ತದೆ." ನನಗೆ ಅದು ಚೆನ್ನಾಗಿ ಅರ್ಥವಾಗಿತ್ತು. ಅರ್ಥವಾಗಲಿಲ್ಲ ಎಂದು ಆಮೇಲೆ ಹೇಳುವ ಹಾಗಿರಲಿಲ್ಲ.

ಬೆಂಚಿನಲ್ಲಿದ್ದ ಇಬ್ಬರಲ್ಲಿ ಒಬ್ಬಳು ಬೀಜಾಡಿಯವಳು. ಮೂವತ್ತರ ಆಸುಪಾಸು, ಮೂರನೇ ಬಸುರು. ಬುಟ್ಟಿಯಲ್ಲಿ ಮೀನು ಹೊತ್ತು ಮನೆ ಮನೆಗೆ ಮಾರುವವಳು. ಅವಳ ಹಿಮೋಗ್ಲೋಬಿನ್ ಏಳು ಪಾಯಿಂಟ್ ಎರಡು. ಹಿಂದಿನ ಹೆರಿಗೆಯಲ್ಲಿ ಬಹಳ ರಕ್ತ ಹೋಗಿ, ಬೇರೆಯವರ ರಕ್ತ ಕೊಟ್ಟು ಉಳಿಸಿದ್ದರು. ತಾರೀಖು ಕೂಡಿಬರದೆ, ಜ್ವರ ಬಂದು, ಅದೂ ಇದೂ ಆಗಿ ಅಧ್ಯಯನಕ್ಕೆ ಸೇರಲಾಗದೆ ಅವಳು ನನ್ನಲ್ಲಿಗೆ ಆಗಲೇ ಮೂರು ಸಲ ಬಂದು ಹೋಗಿದ್ದಳು. ಬಂದಾಗಲೆಲ್ಲ ಬಾಗಿಲಲ್ಲೇ "ಹ್ವಾಯ್ ಅಕ್ಕಾ" ಎಂದು ಕೂಗುತ್ತಿದ್ದಳು. ನನಗೂ ಅವಳು ಬಂದರೆ ಖುಷಿಯಾಗುತ್ತಿತ್ತು.

ಆ ದಿನ ರಕ್ತ ಕೊಡುತ್ತಾ ಅವಳು ಹೇಳಿದಳು. "ಅಕ್ಕಾ, ನಂಗೆ ಬಾಟ್ಲಿಯೇ ಹಾಕಿ. ಗುಳ್ಗಿ ಹೊಟ್ಟಿಯೊಳ್ಗೆ ನಿಲ್ಲುದೇ ಇಲ್ಲ. ಬುಟ್ಟಿ ಹೊತ್ಕಂಡ್ ಹೋಪತಿಗೆ ರಸ್ತಿ ಬದಿಯಲ್ ವಾಂತಿ ಮಾಡ್ಕಂತ್ ಕೂಕಂಬುದಾ?"

"ಅದ್ ನನ್ನ್ ಕೈಲಿಲ್ಲ ಮಾರಾಯ್ತಿ. ಲಕೋಟಿಯೊಳ್ಗೆ ಎಂತ ಇತ್ತೋ ಅದೇ."

"ಲಕೋಟಿಗೆ ಎಂತ ಗೊತ್ತಿತ್ ನನ್ನ್ ಹೊಟ್ಟಿ ಸಂಗ್ತಿ?" ಎಂದು ಅವಳು ನಕ್ಕಳು. ನಗುವಾಗ ಅವಳ ಒಸಡು ಬಿಳಿಚಿಕೊಂಡದ್ದು ಕಂಡಿತು.

ಇನ್ನೊಬ್ಬಳು ಕಿರಿಮಂಜೇಶ್ವರದವಳು. ಇಪ್ಪತ್ತೆರಡು ವರ್ಷ, ಚೊಚ್ಚಲ ಬಸುರು. ಅತ್ತೆಯ ಜೊತೆ ಬಂದಿದ್ದಳು. ಮನೆಯಲ್ಲಿ ಗದ್ದೆ, ನೆಲಗಡಲೆ ಬೇಸಾಯ. ಹಿಮೋಗ್ಲೋಬಿನ್ ಎಂಟು ಪಾಯಿಂಟ್ ಒಂದು. ಕೇಳಿದ್ದಕ್ಕೆಲ್ಲ ಹೌದು, ಇಲ್ಲ ಎಂದಷ್ಟೇ ಉತ್ತರ. ಒಪ್ಪಿಗೆ ಪತ್ರವನ್ನು ಪೂರ್ತಿ ಓದಿದಳು. ಓದದೆ ಸಹಿ ಹಾಕುವವರೇ ಹೆಚ್ಚಿದ್ದ ಕಡೆ ಅದು ನನ್ನ ನೆನಪಿನಲ್ಲಿ ಉಳಿದಿದೆ.

ಮೊದಲು ಸಹಿ ಹಾಕಿದ್ದು ಬೀಜಾಡಿಯವಳು. ಹಾಗಾಗಿ ನಲವತ್ತಮೂರನೇ ಲಕೋಟೆ ಅವಳದು, ನಲವತ್ತನಾಲ್ಕನೆಯದು ಕಿರಿಮಂಜೇಶ್ವರದವಳದು.

ಮೊದಲ ಕಂತಿನ ನಲವತ್ತು ಲಕೋಟೆಗಳಲ್ಲಿ ಚೀಟಿಯ ಸುತ್ತ ಬೆಳ್ಳಿ ಬಣ್ಣದ ತೆಳು ಹಾಳೆ ಇರುತ್ತಿತ್ತು, ಒಳಗಿನದು ಹೊರಗೆ ಕಾಣಬಾರದೆಂದು. ಎರಡನೇ ಕಂತು ತಯಾರಿಸಿದವರು ಅದನ್ನು ಹಾಕಲು ಮರೆತಿದ್ದರು. ಲಕೋಟೆ ಕೈಗೆ ತೆಳ್ಳಗೆ ಹತ್ತಿದಾಗಲೇ ನನಗೆ ಸಂಶಯ ಬಂದಿತ್ತು. ಹೇಳಬೇಕೆಂದುಕೊಂಡು ಹೇಳಿರಲಿಲ್ಲ. ಆ ದಿನ ಬಾಗಿಲು ಹಾಕಿಕೊಂಡು ನಲವತ್ತಮೂರನೆಯದನ್ನು ಟ್ಯೂಬ್‌ಲೈಟಿಗೆ ಹಿಡಿದೆ. 'ಮಾತ್ರೆ' ಎಂಬ ಪದ ಹಿಂದುಮುಂದಾಗಿ ಕಂಡಿತು. ನಲವತ್ತನಾಲ್ಕನೆಯದನ್ನು ಹಿಡಿದೆ. ಅದರಲ್ಲಿ ಡ್ರಿಪ್.

ಒಪ್ಪಿಗೆ ಪತ್ರದಲ್ಲಿ ಸಮಯದ ಜಾಗವನ್ನು ನಾನು ಇನ್ನೂ ತುಂಬಿರಲಿಲ್ಲ. ಕಿರಿಮಂಜೇಶ್ವರದವಳ ಪತ್ರದಲ್ಲಿ ಹತ್ತು ಇಪ್ಪತ್ತು ಎಂದು ಬರೆದೆ. ಬೀಜಾಡಿಯವಳ ಪತ್ರದಲ್ಲಿ ಹತ್ತು ಐವತ್ತು. ನಲವತ್ತಮೂರರ ಮೇಲೆ ಕಿರಿಮಂಜೇಶ್ವರದವಳ ಸಂಖ್ಯೆ, ನಲವತ್ತನಾಲ್ಕರ ಮೇಲೆ ಬೀಜಾಡಿಯವಳ ಸಂಖ್ಯೆ. ಸಹಿ ಹಾಕಿ ಒಡೆದೆ. ಎಲ್ಲ ಸೇರಿ ಎರಡು ನಿಮಿಷ ಹಿಡಿದಿರಬಹುದು.

ಹೊರಗೆ ಬಂದು ಹೇಳಿದಾಗ ಬೀಜಾಡಿಯವಳು ನನ್ನ ಕೈ ಹಿಡಿದುಕೊಂಡಳು. ಕಿರಿಮಂಜೇಶ್ವರದವಳು ಮಾತ್ರೆಯ ಪಟ್ಟಿಗಳನ್ನು ಚೀಲಕ್ಕೆ ಹಾಕಿಕೊಂಡು, "ಊಟ ಆದ ಮೇಲಾ, ಮೊದ್ಲಾ?" ಎಂದು ಕೇಳಿದಳು. ಊಟವಾಗಿ ಎರಡು ಗಂಟೆ ಬಿಟ್ಟು, ಚಹಾದ ಜೊತೆ ತೆಗೆದುಕೊಳ್ಳಬಾರದು, ಲಿಂಬೆ ಶರಬತ್ತಿನ ಜೊತೆ ಆಗಬಹುದು ಎಂದೆ. ಮಲ ಕಪ್ಪಾದರೆ ಹೆದರಬೇಡ ಎಂದೆ. ಅವಳು ಎಲ್ಲವನ್ನೂ ತಲೆಯಾಡಿಸಿ ಕೇಳಿಕೊಂಡಳು.

ಮುಂದಿನ ಎರಡು ತಿಂಗಳು ಕೆಲಸ ಕೆಲಸದಂತೆ ನಡೆಯಿತು. ಬೀಜಾಡಿಯವಳ ಐದು ಡ್ರಿಪ್ ತೊಂದರೆಯಿಲ್ಲದೆ ಮುಗಿದವು. ನಾಲ್ಕನೇ ವಾರಕ್ಕೆ ಒಂಬತ್ತು ದಾಟಿದಳು, ಎಂಟನೇ ವಾರಕ್ಕೆ ಹತ್ತೂವರೆ. "ಈಗ ಗುಡ್ಡಿ ಹತ್ತೂಕೂ ಏದುಸ್ರ್ ಬತ್ತಿಲ್ಲ ಅಕ್ಕಾ" ಎಂದು ಒಂದು ದಿನ ಬಾಳೆಲೆಯಲ್ಲಿ ಕಟ್ಟಿದ ಬಂಗುಡೆ ತಂದುಕೊಟ್ಟಳು. ಭಾಗವಹಿಸಿದವರಿಂದ ಏನನ್ನೂ ತೆಗೆದುಕೊಳ್ಳಬಾರದೆಂದು ನಿಯಮವಿತ್ತು. ತೆಗೆದುಕೊಂಡೆ.

ಕಿರಿಮಂಜೇಶ್ವರದವಳು ಪ್ರತಿ ಸಲವೂ ಖಾಲಿ ಪಟ್ಟಿಗಳನ್ನು ರಬ್ಬರ್ ಬ್ಯಾಂಡ್ ಹಾಕಿ ತರುತ್ತಿದ್ದಳು. ಎಣಿಸಿದರೆ ಒಂದೂ ಹೆಚ್ಚುಕಡಿಮೆ ಇಲ್ಲ. ಆದರೆ ನಾಲ್ಕನೇ ವಾರದಲ್ಲಿ ಎಂಟು ಪಾಯಿಂಟ್ ಎರಡು, ಎಂಟನೇ ವಾರದಲ್ಲಿ ಎಂಟು ಪಾಯಿಂಟ್ ಮೂರು. ಚಹಾದ ಬಗ್ಗೆ ಕೇಳಿದೆ. ಕುಡಿಯುವುದಿಲ್ಲ ಎಂದಳು. ಹುಳದ ಮಾತ್ರೆ ಮೊದಲೇ ಕೊಟ್ಟಾಗಿತ್ತು. ಹಿಮೋಗ್ಲೋಬಿನ್ ಏಳಕ್ಕಿಂತ ಕೆಳಗಿಳಿದರೆ ಮಾತ್ರ ಮಾತ್ರೆ ನಿಲ್ಲಿಸಿ ಡ್ರಿಪ್ ಕೊಡಬಹುದು ಎಂದು ನಿಯಮ. ಅವಳದು ಇಳಿದಿರಲಿಲ್ಲ. ಡಾಕ್ಟರಿಗೆ ತೋರಿಸಿದೆ. "ಕೆಲವರಿಗೆ ಹತ್ತುವುದಿಲ್ಲ. ಅದೂ ಒಂದು ಫಲಿತಾಂಶವೇ. ಮುಂದುವರಿಸು" ಎಂದರು. ಅವರಿಗೆ ಗೊತ್ತಿದ್ದಷ್ಟರಲ್ಲಿ ಅದು ಸರಿಯಾದ ಮಾತು.

ಅವಳ ಹೆರಿಗೆಯ ಸುದ್ದಿ ಬಂದದ್ದು ಒಂದು ಬೆಳಿಗ್ಗೆ, ನಾನು ಕೋಣೆಯ ಬೀಗ ತೆಗೆಯುತ್ತಿದ್ದಾಗ. ಅವರ ಊರಿನ ಆಶಾ ಕಾರ್ಯಕರ್ತೆ ಫೋನ್ ಮಾಡಿದ್ದಳು. ಬೈಂದೂರಿನ ಕಡೆಯ ಒಂದು ನರ್ಸಿಂಗ್ ಹೋಮಿನಲ್ಲಿ ಹೆಣ್ಣು ಮಗು ಹುಟ್ಟಿದೆ. ಮಗು ಚೆನ್ನಾಗಿದೆ. ತಾಯಿಗೆ ರಕ್ತ ನಿಲ್ಲಲಿಲ್ಲ. ಆಂಬುಲೆನ್ಸಿನಲ್ಲಿ ದೊಡ್ಡ ಆಸ್ಪತ್ರೆಗೆ ಕರೆದೊಯ್ದಿದ್ದಾರೆ.

ಡಾಕ್ಟರು ಆ ಆಸ್ಪತ್ರೆಗೆ ಫೋನಿನ ಮೇಲೆ ಫೋನ್ ಮಾಡಿದರು. ಮಧ್ಯಾಹ್ನದ ಹೊತ್ತಿಗೆ ವಿಷಯ ತಿಳಿಯಿತು. ಅವಳನ್ನು ಉಳಿಸಿಕೊಂಡಿದ್ದಾರೆ. ರಕ್ತ ಕೊಟ್ಟಿದ್ದಾರೆ. ಗರ್ಭಕೋಶ ತೆಗೆದಿದ್ದಾರೆ.

ಇಂಥ ಘಟನೆ ನಡೆದರೆ ಇಪ್ಪತ್ತನಾಲ್ಕು ಗಂಟೆಯೊಳಗೆ ವರದಿ ಹೋಗಬೇಕು. ನಾನು ಫಾರಂ ತೆಗೆದು ಬರೆಯಲು ಕೂತೆ. ಗುರುತಿನ ಸಂಖ್ಯೆ. ವಯಸ್ಸು. ಯಾವ ಗುಂಪು. ಗುಂಪಿನ ಜಾಗದಲ್ಲಿ 'ಮಾತ್ರೆ' ಎಂದು ಬರೆದೆ. ನನ್ನ ಅಕ್ಷರ ಎಂದಿನಂತೆಯೇ ಇತ್ತು. ಊಟದ ಡಬ್ಬಿ ಬಿಚ್ಚಿ ಊಟ ಮಾಡಿದೆ. ಸಂಜೆ ಬಸ್ಸಿನಲ್ಲಿ ಸೀಟು ಸಿಕ್ಕಿತು, ನಿದ್ದೆ ಬಂತು. ಸಾಲಿಗ್ರಾಮದ ಹತ್ತಿರ ಎಚ್ಚರವಾದಾಗ, ನನಗೆ ಏನೋ ಆಗಬೇಕಿತ್ತು, ಆಗುತ್ತಿಲ್ಲವಲ್ಲ ಎಂದು ಯೋಚನೆ ಬಂತು. ಅಳು ಬರಬೇಕಿತ್ತು. ಹೆದರಿಕೆಯಾದರೂ ಆಗಬೇಕಿತ್ತು. ಬಾಯಿಗೆ ಸೂಜಿ ಹಾಕಿಸಿಕೊಂಡು ಹಲ್ಲು ಕೀಳಿಸಿಕೊಂಡವರ ಕೆನ್ನೆ ಹೇಗಿರುತ್ತದೋ ಹಾಗೆ ಇಡೀ ಮೈ ಇತ್ತು. ಮುಟ್ಟಿದರೆ ಇದೆ ಎಂದು ಗೊತ್ತು, ನೋವಿಲ್ಲ.

ಎರಡು ವಾರ ಕಳೆದು ಅವಳು ಮನೆಗೆ ಬಂದ ಮೇಲೆ ವರದಿಯ ಉಳಿದ ಭಾಗ ತುಂಬಲು ನಾನು ಕಿರಿಮಂಜೇಶ್ವರಕ್ಕೆ ಹೋದೆ. ಹೆದ್ದಾರಿಯಲ್ಲಿ ಇಳಿದು ಕಡಲಿನ ಕಡೆಗೆ ಹತ್ತು ನಿಮಿಷ ನಡೆಯಬೇಕು. ಅವಳು ಒಳಕೋಣೆಯಲ್ಲಿ ಮಲಗಿದ್ದಳು. ಮಗುವನ್ನು ಪಕ್ಕದಲ್ಲಿ ಮಲಗಿಸಿಕೊಂಡು, ಗೋಡೆ ನೋಡುತ್ತಿದ್ದಳು. ನಾನು ಕೇಳಿದ್ದಕ್ಕೆ ಉತ್ತರ ಕೊಟ್ಟಳು. ರಕ್ತದೊತ್ತಡ ನೋಡಿದೆ, ಬರೆದುಕೊಂಡೆ.

ಹೊರಡುವಾಗ ಅತ್ತೆ ನನ್ನ ಹಿಂದೆಯೇ ಅಂಗಳಕ್ಕೆ ಬಂದರು. ಐವತ್ತು ದಾಟಿದ ಹೆಂಗಸು. ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದರು.

"ಸಿಸ್ಟ್ರೆ, ಒಂದ್ ಮಾತ್ ಹೇಳ್ಕ್."

ನಾನು ನಿಂತೆ.

"ಗುಳ್ಗಿ ಅವ್ಳ್ ತಿನ್ಲಿಲ್ಲ. ನಾನೇ ಬ್ಯಾಡ ಅಂದೆ. ಗುಳ್ಗಿ ತಿಂದ್ರೆ ಶಿಶು ದೊಡ್ಡ ಆತ್ತ್, ಹೆರೂಕ್ ಕಷ್ಟ ಆತ್ತ್ ಅಂಬ್ರ್. ನೀವ್ ಎಣ್ಸ್ತ್ರಿ ಅಂದೇಳಿ ದಿನಾ ಎರಡೆರಡ್ ಒಡ್ದ್, ಆ ತೆಂಗಿನ್ ಬುಡಕ್ಕೆ ಹಾಕ್ತಿದ್ದೆ. ಅವ್ಳ್ ತಿಂತೆ ಅಂದ್ರೂ ನಾ ಬಿಡ್ಲಿಲ್ಲ." ಅವರು ಅಂಗಳದ ಮೂಲೆಯ ತೆಂಗಿನ ಮರದ ಕಡೆ ಕೈ ತೋರಿಸಿದರು. "ಮಗ ನನ್ನತ್ರ ಮಾತ್ ಬಿಟ್ಟಿದ. ನಂದೇ ತಪ್ಪಲ್ದಾ ಸಿಸ್ಟ್ರೆ? ನೀವೇ ಹೇಳಿ."

ಅವರು ತೋರಿಸಿದ ತೆಂಗಿನ ಮರದ ಬುಡ ನೋಡಿದೆ. ಮಣ್ಣು ಎಲ್ಲ ಕಡೆ ಇದ್ದಂತೆಯೇ ಇತ್ತು. "ಬತ್ತೆ ಅಮ್ಮ" ಎಂದು ಹೇಳಿ ಹೊರಟೆ. ರಸ್ತೆಗೆ ಬಂದು ಬಸ್ಸು ಕಾಯುತ್ತಾ ನಿಂತಾಗ ನನಗೆ ಉಸಿರು ಸಲೀಸಾಯಿತು. ಅದನ್ನು ಬರೆಯದೆ ಬಿಟ್ಟರೆ ಈ ಕಥನಕ್ಕೆ ಅರ್ಥವಿಲ್ಲ. ನನಗೆ ಹಾಯೆನಿಸಿತ್ತು. ಕಾರಣ ಸಿಕ್ಕಿತ್ತು, ಅದು ನಾನಾಗಿರಲಿಲ್ಲ.

ಡಾಕ್ಟರಿಗೆ ಹೇಳಿದಾಗ ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಛೇ. ನಾವು ಪಟ್ಟಿ ಎಣಿಸಿದೆವು, ನುಂಗಿದ್ದನ್ನು ನೋಡಲಿಲ್ಲ. ಹಿಮೋಗ್ಲೋಬಿನ್ ಏರದಿದ್ದಾಗಲೇ ಮನೆಗೆ ಹೋಗಿ ಕೇಳಬೇಕಿತ್ತು, ಅದು ನನ್ನ ತಪ್ಪು. ಇರಲಿ. ಮಾತ್ರೆ ಸೇವಿಸಿಲ್ಲ, ಮನೆಯವರು ತಡೆದದ್ದು ಕಾರಣ ಅಂತ ಬರೆದು ಸಹಿ ಹಾಕು. ಕಡತ ಮುಗಿಸುವ."

ಬರೆದೆ. 'ಅತ್ತೆಯ ಒತ್ತಾಯದಿಂದ ಮಾತ್ರೆ ಸೇವಿಸಿಲ್ಲ.' ಅದರ ಕೆಳಗೆ ನನ್ನ ಸಹಿಯ ಜಾಗ. ಸಹಿ ಹಾಕದೆ ಕಡತವನ್ನು ಖಾನೆಗೆ ಹಾಕಿದೆ. ಮರುದಿನ ತೆಗೆದು ಓದಿದೆ, ಮತ್ತೆ ಒಳಗಿಟ್ಟೆ. ಅದರ ಮರುದಿನವೂ ಹಾಗೆಯೇ. ಬರೆದದ್ದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ. ಆದರೆ ಆ ಹಾಳೆ ಓದಿದವರಿಗೆ ಇದರಲ್ಲಿ ತಪ್ಪು ಮಾಡಿದ್ದು ಒಬ್ಬಳೇ ಹೆಂಗಸು ಎಂದು ಕಾಣುತ್ತಿತ್ತು. ಆ ಹೆಂಗಸು ಯಾರೂ ಕೇಳದೆ ತಾನಾಗಿ ಅಂಗಳಕ್ಕೆ ಬಂದು ಹೇಳಿದ್ದರು. ಅವರ ಸೊಸೆಗೆ ಡ್ರಿಪ್ ಬಂದಿದ್ದರೆ ತೆಂಗಿನ ಬುಡಕ್ಕೆ ಹಾಕಲು ಅವರ ಕೈಯಲ್ಲಿ ಏನೂ ಇರುತ್ತಿರಲಿಲ್ಲ.

ನಾಲ್ಕನೇ ದಿನ, ಹೊರರೋಗಿಗಳೆಲ್ಲ ಹೋದ ಮೇಲೆ, ಡಾಕ್ಟರ ಕೋಣೆಗೆ ಹೋದೆ. ಎರಡನೇ ಕಂತಿನ ಒಡೆಯದ ಲಕೋಟೆಯೊಂದನ್ನು ತೆಗೆದುಕೊಂಡು ಹೋಗಿದ್ದೆ. ಅದನ್ನು ಅವರ ಕೈಗೆ ಕೊಟ್ಟು, "ದೀಪಕ್ಕೆ ಹಿಡಿದು ನೋಡಿ" ಎಂದೆ.

ಅವರು ಹಿಡಿದು ನೋಡಿದರು. ಕೈ ಕೆಳಗಿಳಿಸಲು ಸ್ವಲ್ಪ ಹೊತ್ತಾಯಿತು.

"ಇದು ನಿಂಗೆ ಯಾವಾಗ ಗೊತ್ತಾಯ್ತು?"

"ಕಂತು ಬಂದ ದಿನವೇ."

"ಮತ್ತೆ?"

ಹೇಳಿದೆ. ನಲವತ್ತಮೂರು, ನಲವತ್ತನಾಲ್ಕು, ಸಮಯ ಬದಲಿಸಿ ಬರೆದದ್ದು, ಎಲ್ಲ. ಹೇಳುವಾಗ ನನ್ನ ಧ್ವನಿ ಪಾಠ ಒಪ್ಪಿಸುವವರ ಹಾಗಿತ್ತು.

"ಬೇರೆ ಎಷ್ಟು ಸಲ ಮಾಡಿದ್ದೀ?"

"ಇಲ್ಲ. ಅದೊಂದೇ ಸಲ."

"ಅದನ್ನು ನಾನು ಹೇಗೆ ನಂಬುವುದು ಮಾರಾಯ್ತಿ?"

ಅವರು ಉತ್ತರಕ್ಕೆಂದು ಕೇಳಿದ್ದಲ್ಲ. ಕಿಟಕಿಯ ಹತ್ತಿರ ಹೋಗಿ ನಿಂತರು.

ಆಮೇಲೆ ನಾನೇ ಕೇಳಿದೆ. "ಅವಳಿಗೆ ಡ್ರಿಪ್ ಕೊಟ್ಟಿದ್ದರೆ ಗರ್ಭಕೋಶ ಉಳಿಯುತ್ತಿತ್ತಾ ಮೇಡಂ?"

"ಡ್ರಿಪ್ ಕೊಟ್ಟರೆ ರಕ್ತ ಹೋಗುವುದು ತಪ್ಪುವುದಿಲ್ಲ. ಹೋಗುವ ರಕ್ತವನ್ನು ತಡೆದುಕೊಳ್ಳಲಿಕ್ಕೆ ಮೈಗೆ ಇನ್ನೊಂದಿಷ್ಟು ಶಕ್ತಿ ಇರ್ತಿತ್ತು, ಡಾಕ್ಟರಿಗೆ ಇನ್ನೊಂದಿಷ್ಟು ಹೊತ್ತು ಸಿಗ್ತಿತ್ತು. ಅಷ್ಟರಲ್ಲಿ ಉಳಿಸ್ತಿದ್ದರೋ ಇಲ್ಲವೋ, ಒಬ್ಬಳ ವಿಷಯದಲ್ಲಿ ಯಾರಿಂದಲೂ ಹೇಳಲಿಕ್ಕಾಗುವುದಿಲ್ಲ." ಅವರು ನನ್ನ ಕಡೆ ತಿರುಗಿದರು. "ಒಬ್ಬಳನ್ನು ನೋಡಿ ಹೇಳಲಿಕ್ಕೆ ಆಗುವುದಿಲ್ಲ ಅಂತಲೇ ಇಷ್ಟು ಜನರನ್ನು ಸೇರಿಸಿಕೊಂಡು ಈ ಅಧ್ಯಯನ ಮಾಡುವುದು. ನಿಂಗೆ ಹೇಳಿದ್ದೆನಲ್ಲ."

ಹೇಳಿದ್ದರು.

ಮರುದಿನದಿಂದ ಹೊಸಬರನ್ನು ಸೇರಿಸಿಕೊಳ್ಳುವುದು ನಿಂತಿತು. ಡಾಕ್ಟರು ಇಂಥ ಅಧ್ಯಯನಗಳ ಮೇಲೆ ಕಣ್ಣಿಡುವ ನೈತಿಕ ಸಮಿತಿಗೆ ಪತ್ರ ಬರೆದರು. ಪತ್ರದಲ್ಲಿ ಲಕೋಟೆಯ ದೋಷ ಮೊದಲು, ನನ್ನ ಕೆಲಸ ಆಮೇಲೆ, ಹಿಮೋಗ್ಲೋಬಿನ್ ಏರದಿದ್ದಾಗ ವಿಚಾರಿಸದೆ ಬಿಟ್ಟ ತಮ್ಮ ತಪ್ಪು ಕೊನೆಗೆ. ನನಗೆ ಓದಲು ಕೊಟ್ಟು, ಸರಿಯಿದ್ದರೆ ಸಹಿ ಹಾಕು ಎಂದರು. ಹಾಕಿದೆ. ಬೇರೆ ಊರಿನಿಂದ ಇಬ್ಬರು ಬಂದು ಎರಡು ದಿನ ಕೂತು ಎರಡನೇ ಕಂತಿನ ಪ್ರತಿ ಕಡತವನ್ನೂ ಬಿಚ್ಚಿ ನೋಡಿದರು. ಸಮಯ, ಸರದಿ, ನನ್ನ ಅಕ್ಷರ, ಶಾಯಿಯ ಬಣ್ಣ. ನನ್ನನ್ನು ಕೂರಿಸಿಕೊಂಡು ಒಂದೇ ಪ್ರಶ್ನೆಯನ್ನು ನಾಲ್ಕು ರೀತಿಯಲ್ಲಿ ಕೇಳಿದರು. ಬೇರೆ ಬದಲಾವಣೆ ಏನೂ ಸಿಗಲಿಲ್ಲ. ಆದರೂ ಆ ಕಂತಿನ ಹೆಂಗಸರೆಲ್ಲರ ಲೆಕ್ಕವನ್ನು ಬೇರೆಯಾಗಿಯೇ ಇಡಬೇಕೆಂದು ತೀರ್ಮಾನವಾಯಿತು. ಅವರು ಕೊಟ್ಟ ರಕ್ತ, ಬಸ್ಸು ಹತ್ತಿ ಬಂದ ದಿನಗಳು, ಎಲ್ಲವೂ ಒಂದು ಸಂಶಯದ ಗುರುತಿನ ಜೊತೆ ಬದಿಗೆ ಕೂತವು.

ಮುಂದೆ ಲಕೋಟೆ ಇರುವುದಿಲ್ಲ, ಪ್ರತಿಯೊಬ್ಬರಿಗೂ ದೂರದ ಕಚೇರಿಗೆ ಫೋನ್ ಮಾಡಿ ಯಾವ ಗುಂಪೆಂದು ಕೇಳಬೇಕು ಎಂದಾಯಿತು. ಫೋನ್ ಮಾಡುವ ಕೆಲಸಕ್ಕೆ ಬೇರೆ ನರ್ಸನ್ನು ತೆಗೆದುಕೊಂಡರು. ನನ್ನನ್ನು ತೆಗೆದುಹಾಕುತ್ತಾರೆ ಎಂದುಕೊಂಡಿದ್ದೆ. ಹಾಕಲಿಲ್ಲ. ಈಗಾಗಲೇ ಸೇರಿದವರ ರಕ್ತ ತೆಗೆಯುವುದು, ಮಾದರಿ ಕಳುಹಿಸುವುದು, ಇಷ್ಟು ನನ್ನ ಪಾಲಿಗೆ ಉಳಿಯಿತು. ಅಧ್ಯಯನದ ಲೆಕ್ಕದ ಪುಸ್ತಕ ಮುಟ್ಟುವ ಹಾಗಿರಲಿಲ್ಲ.

ಸಮಿತಿಯ ಇನ್ನೊಂದು ಮಾತೆಂದರೆ, ಇಬ್ಬರು ಹೆಂಗಸರಿಗೂ ನಡೆದದ್ದನ್ನು ತಿಳಿಸಬೇಕು. ಡಾಕ್ಟರು ಹೇಳಿದರು, "ನಾನೂ ಬರ್ತೇನೆ. ಆದರೆ ಬಾಯಿ ಬಿಟ್ಟು ಹೇಳುವವಳು ನೀನು."

ಮೊದಲು ಬೀಜಾಡಿಗೆ ಹೋದೆವು. ಅವಳಿಗೆ ಹೆರಿಗೆಯಾಗಿ ಮೂರು ವಾರವಾಗಿತ್ತು. ಗಂಡು ಮಗು, ಸಲೀಸಾದ ಹೆರಿಗೆ. ಜಗುಲಿಯಲ್ಲಿ ಮಗುವಿಗೆ ಹಾಲು ಕೊಡುತ್ತಾ ಕೂತಿದ್ದವಳು ನನ್ನನ್ನು ಕಂಡು, "ಹ್ವಾಯ್ ಅಕ್ಕಾ, ಬನ್ನಿ, ಕೂಕಣಿ" ಎಂದಳು. ನಾನು ಹೇಳಿದೆ. ಡಾಕ್ಟರು ಅಲ್ಲಲ್ಲಿ ಬಿಡಿಸಿ ಹೇಳಿದರು. ಅವಳ ಮುಖದ ನಗು ನಿಧಾನವಾಗಿ ಹೋಯಿತು.

"ಹಂಗಾರೆ ನಂಗೆ ಹಾಕಿದ್ ಬೇರೆಯವ್ಳದ್ದಾ?"

"ಹೌದ್."

"ಅವ್ಳಿಗ್ ಎಂತ ಆಯ್ತ್?"

ಹೇಳಿದೆ. ಅವಳು ಮಗುವನ್ನು ಎದೆಯಿಂದ ಬಿಡಿಸಿ ಹೆಗಲಿಗೆ ಹಾಕಿಕೊಂಡಳು. "ನಾ ಬಾಟ್ಲಿ ಬೇಕ್ ಅಂದದ್ ಹೌದ್. ಬೇರೆಯವ್ರ್ ಪಾಲಿದ್ ತಕಬನ್ನಿ ಅಂದಿದ್ನಾ ಅಕ್ಕಾ?" ಎಂದಳು. ನಾವು ಏಳುವಾಗಲೂ ತಲೆಯೆತ್ತಲಿಲ್ಲ.

ಕಿರಿಮಂಜೇಶ್ವರಕ್ಕೆ ಹೋದದ್ದು ಮರುವಾರ. ಅವಳಿಗೆ ಹೆರಿಗೆಯಾಗಿ ಆರು ವಾರ ತುಂಬಿತ್ತು. ಅಧ್ಯಯನದ ಕೊನೆಯ ರಕ್ತದ ಮಾದರಿ ತೆಗೆಯಬೇಕಾದ ವಾರವೂ ಅದೇ. ಅವಳು ಬೇಡವೆಂದರೆ ಬಿಟ್ಟುಬಿಡಬೇಕೆಂದು ಡಾಕ್ಟರು ಮೊದಲೇ ಹೇಳಿದ್ದರು.

ಅವಳು ಈಗ ಎದ್ದು ಓಡಾಡುತ್ತಿದ್ದಳು. ಜಗುಲಿಯ ಮೇಲೆ ಚಾಪೆ ಹಾಸಿ ನಮ್ಮನ್ನು ಕೂರಿಸಿದಳು. ಅತ್ತೆ ಬಾಗಿಲ ಮರೆಯಲ್ಲಿ ಮಗುವನ್ನು ಎತ್ತಿಕೊಂಡು ನಿಂತರು. ನಾನು ಅತ್ತೆಗೂ ಕೇಳುವಂತೆ ಹೇಳಿದೆ. ಅವರ ಸೊಸೆಗೆ ಬರಬೇಕಿದ್ದದ್ದು ಡ್ರಿಪ್, ನಾನು ಅದನ್ನು ಇನ್ನೊಬ್ಬಳಿಗೆ ಕೊಟ್ಟೆ, ಮಾತ್ರೆ ಅವರ ಮನೆಗೆ ಬಂದದ್ದೇ ನನ್ನಿಂದ. ಅತ್ತೆ ಮೊದಲು ನನ್ನನ್ನು ನೋಡಿದರು, ಆಮೇಲೆ ಸೊಸೆಯನ್ನು. ಅಲ್ಲೇ ಹೊಸ್ತಿಲಲ್ಲಿ ಕುಸಿದು ಕೂತರು. ಡಾಕ್ಟರು ಎದ್ದು ಹೋಗಿ ಮಗುವನ್ನು ಎತ್ತಿಕೊಂಡರು.

ಅವಳು ಮಾತ್ರ ಕೂತಲ್ಲಿಂದ ಅಲುಗಲಿಲ್ಲ. ಆಮೇಲೆ ಕೇಳಿದಳು.

"ಆ ಹೆಂಗ್ಸ್ ನಿಮ್ಗ್ ಗೊತ್ತಿದ್ದವ್ಳಾ?"

"ಗೊತ್ತಿತ್ತ್. ನನ್ನತ್ರ ಅದಕ್ ಮೊದ್ಲ್ ಮೂರ್ ಸಲ ಬಂದಿದ್ಳ್."

"ನನ್ನನ್ ಅವತ್ತೇ ಕಂಡದ್."

"ಹೌದ್."

"ನಾನೂ ಮೊದ್ಲ್ ಮೂರ್ ಸಲ ಬಂದಿದ್ರೆ?"

ನಾನು ಉತ್ತರ ಹುಡುಕಿದೆ. ಗೊತ್ತಿಲ್ಲ ಎಂಬುದೇ ನಿಜ. ಅದನ್ನು ಹೇಳಲೂ ಬಾಯಿ ಬರಲಿಲ್ಲ. ಅವಳು ಕಾದಳು. ಬಾರದು ಎಂದು ಗೊತ್ತಾದ ಮೇಲೆ ನನ್ನ ಪಕ್ಕದಲ್ಲಿದ್ದ ಮಾದರಿಯ ಪೆಟ್ಟಿಗೆಯ ಕಡೆ ನೋಡಿದಳು.

"ರಕ್ತ ತೆಗೂಕಲ್ದಾ ಬಂದದ್?"

"ಬ್ಯಾಡ ಅಂದ್ರೆ ಬ್ಯಾಡ. ಒತ್ತಾಯ ಇಲ್ಲ" ಎಂದೆ.

"ಶುರು ಮಾಡಿದ್ ನಾನೇ ಸೈನ್ ಹಾಕಿ. ತೆಗಿನಿ." ಅವಳು ರವಕೆಯ ತೋಳನ್ನು ಮೇಲೆ ಸರಿಸಿ ಕೈ ಚಾಚಿದಳು.

ಡಾಕ್ಟರು ಮಗುವನ್ನು ಎತ್ತಿಕೊಂಡೇ ತಲೆಯಾಡಿಸಿದರು. ನಾನು ತೋಳಿಗೆ ರಬ್ಬರ್ ಪಟ್ಟಿ ಕಟ್ಟಿದೆ, ರಕ್ತನಾಳ ಮುಟ್ಟಿ ನೋಡಿದೆ, ಸ್ಪಿರಿಟ್ ಹಚ್ಚಿ ಸೂಜಿ ಹಾಕಿದೆ. ಮೊದಲ ಸಲಕ್ಕೇ ಸಿಕ್ಕಿತು. ಒಂದು ಟ್ಯೂಬು ತುಂಬಿತು, ಇನ್ನೊಂದು ತುಂಬಿತು. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ನನ್ನ ಕೈ ಒಂದಿಷ್ಟೂ ನಡುಗಲಿಲ್ಲ, ಅದನ್ನೂ ಅವಳು ನೋಡಿದಳು. ಸೂಜಿ ತೆಗೆದು ಹತ್ತಿ ಒತ್ತಲು ಹೋದಾಗ ಅವಳು ಹತ್ತಿಯನ್ನು ನನ್ನ ಬೆರಳಿನಿಂದ ತೆಗೆದುಕೊಂಡಳು.

"ನಾ ಒತ್ತಿ ಹಿಡ್ಕಂತೆ. ನೀವ್ ಹೋಯ್ನಿ."